ಉಂಡು ಬಂದವರನ್ನು ಉಪವಾಸದವರ ಲೆಕ್ಕದಿಂದ ತೆಗೆಯುವ ಬಗ್ಗೆ

ಇಂದ
ಜಯದೇವಪ್ಪ,
ಕೊಬ್ಬರಿ ವ್ಯಾಪಾರ ಮಕ್ಕಳಿಗೆ ಬಿಟ್ಟು ಮನೆಯಲ್ಲಿರುವವನು,
ಅರಸೀಕೆರೆ.

ಗೆ
ಮಾನ್ಯ ಕಂಪ್ಯೂಟರ್ ಅವರು,
ತುರ್ತು ಚಿಕಿತ್ಸಾ ವಿಭಾಗ,
ಬಿಲ್ವವನ ಧರ್ಮಾರ್ಥ ಆಸ್ಪತ್ರೆ, ಅರಸೀಕೆರೆ.
(ತಮಗೆ ಕನ್ನಡ ಬಾರದಿದ್ದಲ್ಲಿ ಅಧೀಕ್ಷಕರು ಓದಿ ಹೇಳತಕ್ಕದ್ದು.)

ದಿನಾಂಕ: 3-12-2003

ವಿಷಯ: ನನ್ನ ಧರ್ಮಪತ್ನಿ ಸುಮಿತ್ರಮ್ಮನವರು ಊಟ ಮಾಡಿದ್ದರೆಂದು ದಾಖಲೆ ತಿದ್ದುವ ಬಗ್ಗೆ.

ಉಲ್ಲೇಖ: ಸದರಿ ಸುಮಿತ್ರಮ್ಮನವರ ಹೆಸರಿಗೆ ತಮ್ಮಿಂದ ಬಂದ ಅಭಿನಂದನಾ ಪತ್ರ.

ಮಾನ್ಯರೇ,

ಕಾರ್ತಿಕದ ಕಡೆಯ ಸೋಮವಾರ, ದಿನಾಂಕ 17-11-2003ರ ಮಧ್ಯಾಹ್ನ, ತಮ್ಮ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ನನ್ನ ಧರ್ಮಪತ್ನಿ ನನ್ನ ಭುಜಕ್ಕೆ ತಲೆ ಆನಿಸಿದರು. ನಿದ್ದೆ ಹತ್ತಿತೆಂದು ತಿಳಿದು ನಾನು ಅಲುಗಾಡದೆ ಕುಳಿತೆ. ಗ್ಲೂಕೋಸ್ ನೀರಿನ ಲೋಟ ವಾಪಸು ಒಯ್ಯಲು ಬಂದ ನರ್ಸ್ ಕಮಲಾಕ್ಷಮ್ಮನವರು ನಾಡಿ ಹಿಡಿದು ನೋಡಿ, "ಅಯ್ಯೋ ಶಿವನೇ, ಅಜ್ಜಿ ಹೋಗ್ಬಿಟ್ಟವ್ರೆ!" ಎಂದಾಗಲೇ ನನಗೆ ವಿಷಯ ತಿಳಿದದ್ದು. ತಮಗೆ ಇನ್ನೂ ತಿಳಿದಿಲ್ಲವೆಂಬುದು ಉಲ್ಲೇಖಿತ ಪತ್ರದಿಂದ ಕಂಡುಬಂದಿದೆ. ಕಾರಣ, ಈ ಕೆಳಕಂಡ ಸಂಗತಿಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

1. ನನ್ನ ಧರ್ಮಪತ್ನಿಗೆ ಸಕ್ಕರೆ ಕಾಯಿಲೆ ಇತ್ತು. ಸೋಮವಾರದ ಉಪವಾಸವೂ ಇತ್ತು. ಮಾತ್ರೆ ನುಂಗಿ ಊಟ ಬಿಡುತ್ತಿದ್ದರು. ಮಧ್ಯಾಹ್ನಕ್ಕೆ ಬೆವರಿ, ತಲೆ ತಿರುಗಿ, ತಮ್ಮ ತುರ್ತು ವಿಭಾಗಕ್ಕೆ ಬರುತ್ತಿದ್ದರು. ಗ್ಲೂಕೋಸ್ ಕೊಟ್ಟರೆ ಎದ್ದು ಕೂರುತ್ತಿದ್ದರು. ಇವು ತಪ್ಪಿಸಬಹುದಾಗಿದ್ದ ಭೇಟಿಗಳೇ. ಇದರಲ್ಲಿ ನನ್ನ ತಕರಾರಿಲ್ಲ.

2. ಆಮೇಲೆ ತಾವು ದಯಮಾಡಿಸಿದಿರಿ. ಯಾರು ಯಾವ ದಿನ ಸುಮ್ಮನೆ ಬಂದು ಡಾಕ್ಟರ ಹೊತ್ತು ಕಳೆಯುತ್ತಾರೆಂದು ಮುಂಚಿತವಾಗಿ ಹೇಳತೊಡಗಿದಿರಿ. ಅಂಥವರ ಚೀಟಿ ಪುಸ್ತಕಕ್ಕೆ ಹಳದಿ ಸ್ಟಿಕರ್ ಅಂಟಿಸಿ, ಹೊರಗಿನ ಬೆಂಚಿನಲ್ಲಿ ಕೂರಿಸಿ ಗ್ಲೂಕೋಸ್ ನೀರು ಕೊಡಬೇಕೆಂದು ಆದೇಶವಾಯಿತು. ನಮ್ಮ ಕಡೆ ಪಂಚಾಂಗ ನೋಡಿ ಭವಿಷ್ಯ ಹೇಳುವವರು ಕೂಡ ಕೊನೆಗೆ "ಎಲ್ಲಾ ಅವನ ಇಚ್ಛೆ" ಎಂದು ಒಂದು ಮಾತು ಸೇರಿಸುತ್ತಾರೆ. ತಮಗೆ ಆ ರೂಢಿ ಇಲ್ಲವಂತೆ.

3. ಶ್ರಾವಣಕ್ಕೆ ಮುಂಚೆ ತಮ್ಮ ಡಾಕ್ಟರು, "ಉಪವಾಸ ಬಿಡಿ ತಾಯಿ, ಇಲ್ಲಿಗೆ ಬರೋದೇ ತಪ್ಪುತ್ತೆ" ಎಂದರು. ಆಕೆ ಒಪ್ಪಲಿಲ್ಲ. ಮಠಕ್ಕೆ ಕರೆದೊಯ್ದೆ. ಸ್ವಾಮಿಗಳು, "ಮಾತ್ರೆ ನುಂಗಿದ ಮೇಲೆ ಉಣ್ಣೋದೇ ನಿಮ್ಮ ವ್ರತ ಕಣಮ್ಮ" ಎಂದು ಅಪ್ಪಣೆ ಕೊಡಿಸಿದರು. ಅಂದಿನಿಂದ ಪ್ರತಿ ಸೋಮವಾರ ಉಂಡರು. ಕಾರ್ತಿಕದ ಸೋಮವಾರಗಳಲ್ಲಿ ಕಣ್ಣೊರೆಸಿಕೊಂಡು ಉಂಡರು. ತಮ್ಮ ಕಡೆ ತಲೆ ಹಾಕಲಿಲ್ಲ. ಹೀಗೆ ಬಾರದೆ ಹೋದ ಸೋಮವಾರಗಳು ತಮ್ಮ ಅಭಿನಂದನೆಗೆ ಸಾಕಾದವು. ಆಕೆಯ ಚೀಟಿ ಪುಸ್ತಕದ ಸ್ಟಿಕರ್ ಕೀಳುವುದಕ್ಕೆ ಸಾಲಲಿಲ್ಲ.

4. ಸದರಿ ದಿನ ಮುದ್ದೆ, ಅವರೆಕಾಳು ಸಾರು ಉಂಡು, ತಟ್ಟೆ ತೊಳೆದಿಟ್ಟವರು ಎದೆ ಹಿಡಿದುಕೊಂಡು ಕುಳಿತರು. "ಎದೆ ಮ್ಯಾಲೆ ಒರಳುಕಲ್ಲು ಇಟ್ಟಂಗೈತೆ ಕಣ್ರೀ" ಎಂದರು. ಆಟೋದಲ್ಲಿ ಕರೆತಂದೆ. ಕೌಂಟರಿನ ದೇವೀರಪ್ಪನವರು ಸ್ಟಿಕರ್ ನೋಡಿ ನಕ್ಕರು.

"ಏನಜ್ಜಿ, ಸೋಮವಾರ ನೆಪ್ಪಾಯ್ತಾ? ಶಿವನಿಗೆ ಉಪವಾಸ, ನಮಗೆ ಉಪದ್ರ!"

"ಇಲ್ಲ ಕಣಪ್ಪ, ಉಂಡಿದೀನಿ. ಎದೆ ನೋವು."

"ನಮ್ಮ ಸೀಮೆಲಿ 'ಉಂಡ್ರಾ' ಅಂದ್ರೆ 'ಇಲ್ಲ' ಅಂದೋರುಂಟಾ? ನಮ್ಮವ್ವನೂ ಹಂಗೇಯ. ಹೊಟ್ಟೆ ಚುರುಗುಟ್ತಾ ಇದ್ರೂ 'ಆಯ್ತಪ್ಪ' ಅಂತಾಳೆ."

ನಾನು, "ಸ್ವಾಮಿ, ನಾನೇ ಎದುರಿಗೆ ಕೂತು ಉಣ್ಣಿಸಿದೀನಿ" ಎಂದೆ.

"ಯಜಮಾನ್ರೇ, ನೀವು ಮನೇವ್ರ ಪರ ಹೇಳ್ತೀರಿ. ಕಂಪ್ಯೂಟರ್‌ಗೆ ಯಾರ ಪರನೂ ಇಲ್ಲ. ಅದು ಉಪವಾಸ ಅಂತೈತೆ. ಕೂತ್ಕಳಿ, ನೀರು ಕಳಿಸ್ತೀನಿ."

ದೇವೀರಪ್ಪನವರು ಕೆಟ್ಟವರಲ್ಲ. ಅವರು ಹೇಳಿದ ರೂಢಿಯೂ ಸುಳ್ಳಲ್ಲ. ಹಸಿದಿದ್ದರೂ "ಆಯ್ತು" ಎನ್ನುವುದು ನಮ್ಮಲ್ಲಿ ಮರ್ಯಾದೆ. ಆದ್ದರಿಂದ ನಿಜವಾಗಿ ಉಂಡವರು ಅದನ್ನು ಬೇರೆ ಯಾವ ಮಾತಿನಲ್ಲಿ ಹೇಳಬೇಕೆಂಬುದಕ್ಕೆ ತಾವು ಒಂದು ಸುತ್ತೋಲೆ ಹೊರಡಿಸುವುದು ಸೂಕ್ತ.

ಬೆಂಚಿನ ಮೇಲೆ ಆಕೆ ಆ ನೀರನ್ನು ಕುಡಿದರು. "ನನಗೆ ಬ್ಯಾಡ, ಸಕ್ಕರೆ ಕಾಯ್ಲೆ" ಎನ್ನಲಿಲ್ಲ. ಕೊಟ್ಟವರ ಮನಸ್ಸು ನೋಯಬಾರದೆಂದು ಕುಡಿದರು. "ಉಂಡಿದೀನಿ ಅಂದ್ರೆ ನಂಬ್ಲಿಲ್ವಲ್ಲಾ ಕಣ್ರೀ" ಎಂದರು. ಅದೇ ಅವರ ಕಡೆಯ ಮಾತು.

5. ಆಕೆಯ ಶಿವಗಣಾರಾಧನೆಯ ದಿನ, ಊಟಕ್ಕೆ ಪಂಕ್ತಿ ಕೂತಿದ್ದಾಗ ಉಲ್ಲೇಖಿತ ಪತ್ರ ಬಂತು. "ಅನಗತ್ಯ ಭೇಟಿಗಳನ್ನು ನಿಲ್ಲಿಸಿ ಇತರರಿಗೆ ಮಾದರಿಯಾಗಿದ್ದೀರಿ. ದಿನಾಂಕ 17-11-2003ರ ಒಂದು ಭೇಟಿ ಮಾತ್ರ ಅಪವಾದ. ಕಾರಣ: ಉಪವಾಸದ ಸುಸ್ತು. ಮುಂದೆ ಹೀಗಾಗದಂತೆ ನೋಡಿಕೊಳ್ಳುವುದು." ಮುಂದೆ ಹೀಗಾಗುವುದಿಲ್ಲವೆಂದು ಮನೆಯ ಯಜಮಾನನಾಗಿ ಈ ಮೂಲಕ ಖಾತರಿ ಕೊಡುತ್ತೇನೆ. ತಮ್ಮ ಭವಿಷ್ಯಗಳಲ್ಲಿ ಇದೊಂದಾದರೂ ಪೂರ್ತಿ ಫಲಿಸುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟೆ. ಹೋದ ಜೀವವನ್ನು ಕೇಳುತ್ತಿಲ್ಲ. ಅದು ತಮ್ಮ ಇಲಾಖೆಗೆ ಬರುವುದಿಲ್ಲ. ಪರಿಹಾರವೂ ಬೇಡ. ಡಾಕ್ಟರ ಮಾತಿಗೂ ಗುರುವಿನ ಅಪ್ಪಣೆಗೂ ತಲೆಬಾಗಿ ವ್ರತವನ್ನೇ ಬಿಟ್ಟವಳು, ಕಡೆಯ ದಿನ ಎರಡನ್ನೂ ಮೀರಿದಳೆಂದು ತಮ್ಮಲ್ಲಿ ಬರೆದಿದೆ. ಕಾರಣ, "ಉಪವಾಸದ ಸುಸ್ತು" ಎಂಬುದನ್ನು ಹೊಡೆದುಹಾಕಿ, "ಉಂಡಿದ್ದರು. ಹೇಳಿದ್ದರು. ನಾವು ಕೇಳಲಿಲ್ಲ" ಎಂದು ತಿದ್ದಿ ಬರೆಯಬೇಕಾಗಿ ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿ,
(ವಿಶ್ವಾಸ ಇಡದೆ ವಿಧಿಯಿಲ್ಲ, ಬೇರೆ ಆಸ್ಪತ್ರೆ ನಮಗೆ ಹತ್ತಿರದಲ್ಲಿಲ್ಲ)
ಜಯದೇವಪ್ಪ

ಅಡಕಗಳು:
1. ಹಳದಿ ಸ್ಟಿಕರ್, ಒಂದು. ನೀರು ಹಚ್ಚಿ ನಾನೇ ಕಿತ್ತದ್ದು.
2. ಅಭಿನಂದನಾ ಪತ್ರ. ವಾಪಸು.
3. ಊಟ ಮಾಡಿದ್ದಕ್ಕೆ ಸಾಕ್ಷಿಯಾಗಿ ತಟ್ಟೆ: ಲಗತ್ತಿಸಿಲ್ಲ. ಆಕೆ ತೊಳೆದಿಟ್ಟೇ ಹೊರಟಿದ್ದರು.

ವಿಶೇಷ ಸೂಚನೆ: ಈ ಅರ್ಜಿಯ ಒಂದು ಪ್ರತಿಯನ್ನು ದೇವರ ಮುಂದೆಯೂ ಇಟ್ಟಿದ್ದೇನೆ. ಶಿವನೇ, ಅವಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಬೇಡ. "ಉಂಡೆಯಾ ತಾಯಿ?" ಎಂದು ಕೇಳು, ಅವಳು "ಹೂಂ" ಎಂದರೆ ನಂಬು. ಒಳಗೆ ಕರೆದುಕೊಂಡು ನಿನ್ನ ಪಾದದ ಬಳಿ ಅವಳಿಗೆ ನೆಮ್ಮದಿ ಕೊಡು.