ಹೆಂಡತಿಯ ಬೆಲ್ಟು ಸಡಿಲಿಸಿದ ಟೈಲರ್

ಬಟ್ಟೆ ಮಡಿಸಿ ಟಕ್ ಹಿಡಿಯುವುದರಲ್ಲಿ ನನ್ನನ್ನು ಮೀರಿಸಿದವರು ಈ ಪೇಟೆಯಲ್ಲಿ ಹುಟ್ಟಿಲ್ಲ. ಹುಟ್ಟಿದ್ದರೂ ಅವರ ತೊಟ್ಟಿಲ ಬಟ್ಟೆ ನಾನೇ ಹೊಲಿದಿರುತ್ತೇನೆ! ಹಾಗಾಗಿ ನನ್ನವಳಿಗೆ ಹೊಟ್ಟೆ ಬಿಗಿ ಮಾಡುವ 'ಟಮ್ಮಿ ಟಕ್' ಆಪರೇಷನ್ ಆದಾಗ ಆಸ್ಪತ್ರೆಯ ಕಾರಿಡಾರಿನಲ್ಲೇ ಘೋಷಿಸಿಬಿಟ್ಟೆ: "ಇನ್ನು ಆರೈಕೆ ನನಗೆ ಬಿಡಿ. ಹೊಲಿಗೆ ನನ್ನ ಸಬ್ಜೆಕ್ಟು!"

ಆಪರೇಷನ್ ಶೋಕಿಗಲ್ಲ. ಅವಳಿ ಮಕ್ಕಳನ್ನು ಹೆತ್ತ ಮೇಲೆ ಅವಳ ಹೊಟ್ಟೆಯ ಸ್ನಾಯುಗಳು ನಡುವೆ ದೂರವಾಗಿ, ಚರ್ಮ ಜೋತುಬಿದ್ದು, ಸೊಂಟನೋವು ಜೀವ ಹಿಂಡುತ್ತಿತ್ತು. ಬಸ್ಸಿನಲ್ಲಿ ಯಾರೋ ಪುಣ್ಯಾತ್ಗಿತ್ತಿ ಸೀಟು ಬಿಟ್ಟುಕೊಟ್ಟು "ಎಷ್ಟು ತಿಂಗಳಮ್ಮ?" ಎಂದರೆ, ಪಕ್ಕದಲ್ಲಿ ನಿಂತ ಅವಳಿಗಳು "ನಾವಾಗಲೇ ಸ್ಕೂಲಿಗೆ ಹೋಗ್ತೀವಿ ಆಂಟಿ!" ಎನ್ನುತ್ತಿದ್ದವು.

ಮನೆಗೆ ಬಂದವಳು ಕೊಕ್ಕೆಯಂತೆ ಬಗ್ಗಿ ನಡೆಯುತ್ತಿದ್ದಳು. ಎದೆಯ ಕೆಳಗಿನಿಂದ ಸೊಂಟದವರೆಗೆ ಆಸ್ಪತ್ರೆಯವರು ಬಿಗಿದ ಬೆಲ್ಟು ಬೇರೆ.

"ರೀ, ಉಸಿರು ಕಟ್ತಿದೆ. ದಿಂಬಿನ ಕವರಿಗೆ ಹಾಸಿಗೆ ತುರುಕಿದ ಹಾಗಿದೆ."

ಹೆಂಡತಿ ಹೀಗೆ ನರಳುವಾಗ ಟೈಲರ್ ಗಂಡ ಕೈಕಟ್ಟಿ ಕೂರುವುದೇ? ಮೈ ಒರೆಸಿಕೊಳ್ಳಲು ಅವಳು ಬೆಲ್ಟು ಬಿಚ್ಚಿದ್ದೇ ತಡ, ಎತ್ತಿಕೊಂಡು ಮಿಷನ್ನಿಗೆ ಓಡಿದೆ. ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಅಂಗೈಯಗಲ ಮೆತ್ತನೆ ಬಟ್ಟೆ ಕೂರಿಸಿದೆ. ಆಹಾ, ಏನು ಫಿನಿಶಿಂಗು!

"ಅಯ್ಯೋ, ಈಗ ಹಾಯಾಗಿದೆ! ಏನು ಮಾಡಿದ್ರಿ?"

"ಕೈಗುಣ ಕಣೇ," ಎಂದೆ, ಮೀಸೆ ತೀಡುತ್ತಾ.

ಮರುದಿನ ಸಂಜೆಗೆ ಕೈಗುಣ ಊದಿಕೊಂಡಿತು! ಟೇಪು ಹಿಡಿದು ನೋಡುತ್ತೇನೆ, ಹೊಟ್ಟೆ ಆಪರೇಷನ್ನಿಗೆ ಮುಂಚಿನ ಅಳತೆಯನ್ನೇ ಮೀರಿಸಿದೆ. ಗಿರಾಕಿಯೊಬ್ಬರ ಕೋಟಿನ ಅಸ್ತರಿನೊಳಗೆ ಚಾಕ್ ಬಿಟ್ಟೇ ಹೊಲಿದು ಕೊಟ್ಟವನು ನಾನು. ನನಗೆ ಬೇರೇನು ಹೊಳೆದೀತು?

"ಒಳಗೆ ಕತ್ತರಿ ಬಿಟ್ಟಿದ್ದಾರೆ ಕಣೇ!"

"ಬಾಯಿ ಮುಚ್ಚಿ, ಟ್ಯಾಕ್ಸಿ ಕರೀರಿ," ಎಂದಳು. ಬಾಗಿಲಲ್ಲಿ ಅವಳಿಗಳು, "ಅಮ್ಮ ವಾಪಸ್ ಬರ್ತಾಳಲ್ವಾ ಅಪ್ಪಾ?" ಎಂದವು. ನಾನು ಟ್ಯಾಕ್ಸಿ ಕರೆಯಲು ಓಡಿದೆ.

ಆಸ್ಪತ್ರೆಯಲ್ಲಿ, ಆಪರೇಷನ್ ಮಾಡಿದ ಡಾಕ್ಟರಮ್ಮ ಹೊಟ್ಟೆಗಿಂತ ಮೊದಲು ಬೆಲ್ಟನ್ನೇ ಬೆಳಕಿಗೆ ಹಿಡಿದರು. "ಇದನ್ನು ಸಡಿಲ ಮಾಡಿದ್ದು ಯಾರು?"

ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ.

"ಹೊಲಿಗೆ ಮಾತ್ರ ಬಹಳ ಚೆನ್ನಾಗಿದೆ," ಎಂದರು.

"ನಾನೇ ಮೇಡಂ!"

ಸಿಕ್ಕಿಬಿದ್ದೆ! ಹೆಂಡತಿಯ ಒಂದು ನೋಟಕ್ಕೆ ಇಸ್ತ್ರಿ ಪೆಟ್ಟಿಗೆಯ ಕಾವಿತ್ತು.

"ಊತ ಅಂದ್ರೆ ಒಳಗೆ ರಿಪೇರಿ ನಡೀತಿದೆ ಅಂತ," ಎಂದರು ಡಾಕ್ಟರಮ್ಮ. "ಬೆಳಿಗ್ಗೆ ಇಳಿಯುತ್ತೆ, ಸಂಜೆ ಏರುತ್ತೆ. ಪೂರ್ತಿ ಇಳಿಯೋಕೆ ತಿಂಗಳುಗಟ್ಟಲೆ ಬೇಕು. ಅದನ್ನ ಹತೋಟೀಲಿಡೋದೇ ಈ ಬಿಗಿ." ಹೊಟ್ಟೆಯನ್ನು ಮೆಲ್ಲಗೆ ಒತ್ತಿ ಒತ್ತಿ ನೋಡಿದರು. "ಒಳಗೆ ನೀರು ನಿಂತಿಲ್ಲ, ಪುಣ್ಯ. ಬನ್ನಿ, ಗಾಯ ನೋಡಿ."

ಅಲ್ಲಿಯವರೆಗೆ ನೋಡುವ ಧೈರ್ಯ ಮಾಡಿರಲಿಲ್ಲ. ಬಗ್ಗಿದೆ. ಸೊಂಟದ ಈ ಮೂಳೆಯಿಂದ ಆ ಮೂಳೆವರೆಗೆ ಒಂದು ಕೆಂಪು ಗೆರೆ. ಅಂಚಿಗೆ ಅಂಚು ಕಚ್ಚಿಕೊಂಡಿತ್ತು.

"ದಾರ ಎಲ್ಲಿ ಮೇಡಂ?"

"ಒಳಗಿದೆ, ತಾನೇ ಕರಗಿಹೋಗುತ್ತೆ. ನಾನು ಅಂಚು ಹಿಡಿಸಿಕೊಟ್ಟೆ, ಅಷ್ಟೇ. ಕೂಡಿಸ್ತಿರೋದು ಅವರ ಮೈ."

ಆಯುಷ್ಯವೆಲ್ಲ ಬಟ್ಟೆ ಕತ್ತರಿಸಿದ್ದೇನೆ. ಕತ್ತರಿಸಿಟ್ಟ ಎರಡು ತುಂಡು ತಾವಾಗಿ ಹತ್ತಿರ ಬಂದು ಒಂದಾದದ್ದನ್ನು ಎಂದೂ ಕಂಡಿಲ್ಲ. ಇವಳೋ ಮಕ್ಕಳಿಗೆ ಮಗ್ಗಿ ಹೇಳಿಸುತ್ತಾ, ನನಗೆ ಬೈಯುತ್ತಾ, ಗೊರಕೆ ಹೊಡೆಯುತ್ತಾ ಇದ್ದಾಗಲೇ ಒಳಗೊಳಗೆ ಹೊಲಿಗೆ ನಡೆಯುತ್ತಲೇ ಇತ್ತು. ಸೂಜಿಯಿಲ್ಲ, ಸದ್ದಿಲ್ಲ! ಕಣ್ಣು ಮಂಜಾಯಿತು. ಅರಿವಿಲ್ಲದೆ ಕೈ ಮುಗಿದೆ.

"ನನ್ನನ್ನ ಶಿಷ್ಯನಾಗಿ ಇಟ್ಕೊಳ್ಳಿ ಮೇಡಂ," ಎಂದೆ.

ಹೊಸ ಬೆಲ್ಟು ತಂದ ನರ್ಸು ನನ್ನ ಮುಖವನ್ನೇ ದಿಟ್ಟಿಸಿದಳು. "ಮೇಡಂ, ತೋಳು ಗಿಡ್ಡ ಮಾಡಿಸೋಕೆ ನೀವು ಕಳಿಸಿದ ಬಿಳಿ ಕೋಟು ಇವರ ಅಂಗಡೀಲೇ ಇರೋದು. ಈಯಮ್ಮನ ಆಪರೇಷನ್ನಿಗೂ ಎಷ್ಟೋ ಮುಂಚೆ ಕೊಟ್ಟಿದ್ದು!"

ಡಾಕ್ಟರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಕೊಯ್ದ ಹೊಟ್ಟೆ ಕೂಡಿಕೊಂಡು ಬಂತು. ನನ್ನ ಕೋಟಿನ ತೋಳು ಇನ್ನೂ ಕೂಡಲಿಲ್ವೇನ್ರೀ?"

"ನಾಳೆ ಖಂಡಿತ ಮೇಡಂ!"

ಮಂಚದ ಮೇಲಿಂದ ನನ್ನವಳು, ನಗು ಹೊಲಿಗೆಗೆ ತಾಗದಂತೆ ಹೊಟ್ಟೆ ಒತ್ತಿ ಹಿಡಿದು ಹೇಳಿದಳು: "ನಂಬಬೇಡಿ ಡಾಕ್ಟ್ರೇ! ನನ್ನ ಊತವಾದ್ರೂ ಇಳಿಯುತ್ತೆ, ಇವರ 'ನಾಳೆ' ಮಾತ್ರ ಬರೋದಿಲ್ಲ!"