ಪಿಳ್ಳಮ್ಮನವರ ಪಕ್ಕದ ಕುರ್ಚಿಯನ್ನು ಖಾಲಿ ಬಿಡದಿರುವ ಬಗ್ಗೆ

ಆಸನ ಮತ್ತು ಅನುಕ್ರಮ ಇಲಾಖೆ
ಸಾರ್ವಜನಿಕ ಓದುವ ಕೊಠಡಿ, ಮಾರುಕಟ್ಟೆ ಹಿಂಬದಿ, ಶಿವಾಜಿನಗರ

ಸಂಖ್ಯೆ: ಆಅಇ/ಓಕೊ/ಸಾಲು/ಎಡದಿಂದ-೩
ದಿನಾಂಕ: ಪರೀಕ್ಷೆಗೆ ಮುಂಚಿನ ಸೋಮವಾರ

ಸುತ್ತೋಲೆ

ವಿಷಯ: ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯ ತರ್ಕದ ಆಟಗಳನ್ನು ಜೀವಂತ ಓದುಗರನ್ನು ಬಳಸಿ ಬಿಡಿಸುತ್ತಿರುವ ಕುರಿತು.

ಉಲ್ಲೇಖ: ೧) ಶ್ರೀಮತಿ ಪಿಳ್ಳಮ್ಮ ಅವರ ಮೌಖಿಕ ದೂರು.
೨) ಸದರಿ ದೂರನ್ನು ಅವರೇ ಮಧ್ಯಾಹ್ನ ಹಿಂಪಡೆದದ್ದು.

ಕು. ಲುಬ್ನಾ ಎಂಬ ಅಭ್ಯರ್ಥಿಯು ಬರುವ ಭಾನುವಾರ ಪರೀಕ್ಷೆ ಬರೆಯಲಿದ್ದು, ಮನೆಯಲ್ಲಿ ಹಣ್ಣಿನ ಪೆಟ್ಟಿಗೆಗಳ ನಡುವೆ ಕಾಲು ಚಾಚಲೂ ಜಾಗವಿಲ್ಲದ ಕಾರಣ ಈ ಕೊಠಡಿಯನ್ನೇ ನಂಬಿಕೊಂಡಿರುತ್ತಾರೆ. ಸದರಿ ಪರೀಕ್ಷೆಯಲ್ಲಿ, ಇಂಥವರು ಇಂಥವರ ಪಕ್ಕ ಕೂರುವಂತಿಲ್ಲ, ಹಾಗಾದರೆ ಕಿಟಕಿಯ ಬಳಿ ಯಾರು ಎಂಬ ಮಾದರಿಯ ಪ್ರಶ್ನೆಗಳಿರುತ್ತವೆ. ವಿಚಾರಿಸಲಾಗಿ ಅಭ್ಯರ್ಥಿಯು, "ಅ, ಬ, ಕ ಅಂದ್ರೆ ನಂಗೆ ಮುಖಾನೇ ಕಾಣಲ್ಲ ಸಾರ್. ಸಂಜೀವಪ್ಪ ತಾತ ಅಂದ್ರೆ ಕಾಣುತ್ತೆ" ಎಂದು ಹೇಳಿಕೆ ನೀಡಿ, ಹೇಳಿಕೆಯ ನಡುವೆಯೇ ಸದರಿ ತಾತನವರನ್ನು ಸಾಲಿನ ಆ ತುದಿಗೆ ಕಳುಹಿಸಿರುತ್ತಾರೆ. ತಾತನವರು ಪತ್ರಿಕೆ ಸಮೇತ ಹೋಗಿರುತ್ತಾರೆ. ಆದಕಾರಣ ಕೆಳಕಂಡಂತೆ ಸೂಚಿಸಲಾಗಿದೆ.

೧. ಓದುಗರನ್ನು ಅಕ್ಷರಗಳ ಬದಲಿಗೆ ಬಳಸತಕ್ಕದ್ದಲ್ಲ. ಈಗಾಗಲೇ ಬಳಕೆಯಲ್ಲಿರುವ ಓದುಗರು ಉತ್ತರ ಸಿಗುವವರೆಗೆ ಎದ್ದು ಹೋಗತಕ್ಕದ್ದಲ್ಲ.

೨. ಶ್ರೀ ಅಸ್ಗರ್ (ಹಣ್ಣಿನ ವ್ಯಾಪಾರ, ನಿವೃತ್ತ) ಹಾಗೂ ಶ್ರೀ ಸಂಜೀವಪ್ಪ ಇವರಿಬ್ಬರಿಗೂ ಸೇರಿ ಒಂದೇ ಕನ್ನಡಕವಿರುವುದರಿಂದ ಅಕ್ಕಪಕ್ಕವೇ ಕೂರತಕ್ಕದ್ದು. ಕನ್ನಡಕವಿದ್ದವರು ಸುದ್ದಿ ಓದತಕ್ಕದ್ದು, ಇಲ್ಲದವರು ಅಭಿಪ್ರಾಯ ಹೇಳತಕ್ಕದ್ದು.

೩. ಫ್ಯಾನಿನ ವೇಗದ ವಿಚಾರದಲ್ಲಿ ಶ್ರೀ ಸಂಜೀವಪ್ಪ ಮತ್ತು ಶ್ರೀಮತಿ ಪಿಳ್ಳಮ್ಮ ಅವರಿಗೆ ಮಾತಿಗೆ ಮಾತು ಬೆಳೆದಿರುವುದರಿಂದ ಇಬ್ಬರ ನಡುವೆ ಒಂದು ಕುರ್ಚಿ ಕಡ್ಡಾಯ. ಅದು ಖಾಲಿಯೂ ಇರತಕ್ಕದ್ದಲ್ಲ. ಹಿಂದೆ ಖಾಲಿ ಇದ್ದಾಗ ಪಿಳ್ಳಮ್ಮನವರು ಅಲ್ಲಿ ಸೊಪ್ಪಿನ ಚೀಲವನ್ನು ಕೂರಿಸಿ, "ಅದಕ್ಕೂ ಗಾಳಿ ಬೇಕು ಕಣಪ್ಪ" ಎಂದದ್ದು ದಾಖಲಾಗಿದೆ.

೪. ಪಿಳ್ಳಮ್ಮನವರು ಆಟದ ಷರತ್ತುಗಳನ್ನು ದೇವರ ಪದಗಳಂತೆ ರಾಗವಾಗಿ ಹೇಳಿಕೊಟ್ಟು ಅಭ್ಯರ್ಥಿಗೆ ಬಾಯಿಪಾಠ ಮಾಡಿಸುತ್ತಿರುವುದು ಕಂಡುಬಂದಿದೆ. ಇದಕ್ಕೆ ಆಕ್ಷೇಪವಿಲ್ಲ. ಆದರೆ ಮಸೀದಿಯಲ್ಲಿ ಆಜಾನ್ ಆದಾಗ ನಿಲ್ಲಿಸಿ, ನಿಂತ ಸಾಲಿನಿಂದಲೇ ಮತ್ತೆ ಎತ್ತಿಕೊಳ್ಳತಕ್ಕದ್ದು. "ಅಸ್ಗರನಿದ್ದ ಕಡೆಯಲ್ಲಿ ಸಂಜೀವನಿರಬೇಕು" ಎಂಬ ಪಲ್ಲವಿಯನ್ನು ಸಿಬ್ಬಂದಿಯು ಕರ್ತವ್ಯದ ವೇಳೆಯಲ್ಲಿ ಗುನುಗತಕ್ಕದ್ದಲ್ಲ. ಈ ಬಗ್ಗೆ ಅಧೀಕ್ಷಕರು ತಮಗೆ ತಾವೇ ಎಚ್ಚರಿಕೆ ನೀಡಿಕೊಂಡಿರುತ್ತಾರೆ.

೫. ಸಿಬ್ಬಂದಿಯವರು ಸಾರ್ವಜನಿಕರ ಸಾಲಿನಲ್ಲಿ ಕೂರತಕ್ಕದ್ದಲ್ಲ.

೬. ಅಭ್ಯರ್ಥಿಗೆ ಇನ್ನು ಮುಂದೆ ಈ ಕೊಠಡಿಯಲ್ಲಿ ಆಸನವಿರುವುದಿಲ್ಲ. ಅವರ ಕುರ್ಚಿಯನ್ನು ಉಗ್ರಾಣಕ್ಕೆ ಹಾಕಿ ಬೀಗ ಜಡಿಯಲಾಗಿದೆ. ಬೀಗದ ಕೈ ಇಟ್ಟುಕೊಂಡವರು ಮುಂದಿನ ವಾರದವರೆಗೆ ರಜೆಯಲ್ಲಿರುತ್ತಾರೆ.

೭. ಮೇಲಿನ ನಿಯಮಗಳನ್ನು ಜಾರಿಗೆ ತರಲು ಬೆಳಗಿನಿಂದ ಪ್ರಯತ್ನಿಸಲಾಯಿತು. ಯಾರನ್ನು ಎಲ್ಲಿ ಕೂರಿಸಿದರೂ ನಡುವೆ ಸೊಪ್ಪಿನ ಚೀಲವೇ ಬಂದು ಕೂತಿತು. ಆಗ ಶ್ರೀ ಅಸ್ಗರ್ ಅವರು ಅಧೀಕ್ಷಕರಿಗೆ, "ಅರೆ ಹಂಪಣ್ಣ, ಬಿಡಿಸೋಳು ಬಾಗಿಲಲ್ಲೇ ನಿಂತವ್ಳೆ. ಅವಳನ್ನ ಕೇಳೋದು ಬಿಟ್ಟು ಯಾಕ್ರೀ ಒದ್ದಾಡ್ತೀರಾ" ಎಂದು ಸಲಹೆ ನೀಡಿದರು. ಸಲಹೆಯನ್ನು ತಿರಸ್ಕರಿಸಿ, ನಂತರ ಕೇಳಲಾಯಿತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಿದ್ದ ಅಭ್ಯರ್ಥಿಯು ನಿಯಮಗಳನ್ನು ಒಮ್ಮೆ ರಾಗವಾಗಿ ಹೇಳಿಕೊಂಡು ಕೆಳಕಂಡಂತೆ ಉತ್ತರಿಸಿದರು:

"ನಡುವೆ ಕುರ್ಚಿ ಬೇಕೇ ಬೇಕು. ನನ್ನದು ಉಗ್ರಾಣದಲ್ಲಿದೆ. ಉಳಿದಿರೋದು ನಿಮ್ಮದೊಂದೇ ಸಾರ್. ಅದನ್ನ ಅಲ್ಲಿ ಹಾಕಿದ್ಮೇಲೆ ನೀವು ಕೂರೋ ಹಾಗಿಲ್ಲ, ಖಾಲೀನೂ ಬಿಡೋ ಹಾಗಿಲ್ಲ. ಬೇರೆ ಯಾರಿದಾರೆ, ನೀವೇ ನೋಡಿ."

ನೋಡಲಾಯಿತು. ಬೇರೆ ಯಾರೂ ಇರಲಿಲ್ಲ.

೮. ಆದ್ದರಿಂದ ಕಂಡಿಕೆ ೬ ಉಳಿದ ಕಂಡಿಕೆಗಳ ಜೊತೆ ಹೊಂದಿಕೊಳ್ಳದಿರುವುದು ಮನಗಂಡು, ಅದನ್ನು ಭಾನುವಾರ ಸಂಜೆಯವರೆಗೆ ತಡೆಹಿಡಿಯಲಾಗಿದೆ. ಅಲ್ಲಿಯವರೆಗೆ ಅಧೀಕ್ಷಕರ ಕುರ್ಚಿಯು ಅಭ್ಯರ್ಥಿಯ ವಶದಲ್ಲಿರತಕ್ಕದ್ದು. ಫ್ಯಾನು ನಡುವಿನ ವೇಗದಲ್ಲಿರತಕ್ಕದ್ದು.

ಸಹಿ/-
(ಹಂಪಣ್ಣ)
ಅಧೀಕ್ಷಕರು
ಕಿಟಕಿಕಟ್ಟೆಯ ಮೇಲೆ ಕಾಗದವಿಟ್ಟು, ನಿಂತು ಸಹಿ ಮಾಡಲಾಗಿದೆ.

ಪ್ರತಿಗಳು, ಎಡದಿಂದ ಬಲಕ್ಕೆ:
೧. ಶ್ರೀ ಅಸ್ಗರ್ ಅವರಿಗೆ, ಓದಿ ಹೇಳಲು.
೨. ಶ್ರೀ ಸಂಜೀವಪ್ಪ ಅವರಿಗೆ, ಕನ್ನಡಕ ಕೈಗೆ ಬಂದ ಮೇಲೆ ಮಾಹಿತಿಗಾಗಿ.
೩. ಕು. ಲುಬ್ನಾ ಅವರಿಗೆ, ಮಾದರಿ ಪ್ರಶ್ನೆಯಾಗಿ.
೪. ಶ್ರೀಮತಿ ಪಿಳ್ಳಮ್ಮ ಅವರಿಗೆ, ರಾಗ ಹಾಕುವ ಸಲುವಾಗಿ.
೫. ಹೆಚ್ಚುವರಿ ಪ್ರತಿ: ಅಧೀಕ್ಷಕರ ಕುರ್ಚಿಯ ಗಿಡ್ಡ ಕಾಲಿನಡಿಗೆ, ನಾಲ್ಕು ಮಡಿಕೆ ಮಾಡಿ, ಬರೆಯುವಾಗ ಅಲುಗಾಡದಂತೆ.