ಅಳಿಯನ ಅಂಗೈ

ಕ್ಲಬ್ಬಿನ ಕಾರ್ಯದರ್ಶಿಗಳಿಗೆ ಯಾರೋ ಒಂದು ಹೊಸ ಇಸ್ಪೀಟು ಪ್ಯಾಕು ಉಡುಗೊರೆ ಕೊಟ್ಟರು. ಎಲ್ಲ ಶುರುವಾದದ್ದು ಅದರಿಂದಲೇ. ಐವತ್ತೆರಡು ಎಲೆಗೂ ಚಿನ್ನದ ಬಣ್ಣದ ಅಂಚು, ಬೆನ್ನಿಗೆ ಹೂಬಳ್ಳಿ, ಮೂಸಿ ನೋಡಿದರೆ ಹೊಸ ಪುಸ್ತಕದ ವಾಸನೆ. ಅದನ್ನು ಮೂರು ತಿಂಗಳು ಬೀರುವಿನಲ್ಲಿಟ್ಟು ಕಾದು, ವರ್ಷದ ಫೈನಲ್ ಪಂದ್ಯದ ದಿನ ಬೆಳಿಗ್ಗೆ ಹೊರಗೆ ತೆಗೆದರು. ತೆಗೆದವರೇ ನೆಟ್ಟಗೆ ಫೋಟೋಗೆ ಫ್ರೇಮು ಹಾಕುವ ಅಂಗಡಿಗೆ ಬಂದರು.

ಆ ಅಂಗಡಿಯವನನ್ನು ಇಡೀ ಕ್ಲಬ್ಬು ಅಳಿಯ ಎಂದೇ ಕರೆಯುತ್ತದೆ, ಯಾಕೆಂದರೆ ಅವನು ಹೆಡ್ಮಾಸ್ತರ ಅಳಿಯ. ಕೆಲಸಗಾರ ಮನುಷ್ಯ. ಮರದ ಪಟ್ಟಿ ಕೊಯ್ದು ಮೂಲೆ ಕೂಡಿಸಿದನೆಂದರೆ ಸಂದು ಹುಡುಕಿದರೂ ಸಿಗದು. ಒಂದೇ ತೊಂದರೆ, ಅಂಗೈ ಬೆವರುತ್ತದೆ. ಅಷ್ಟಿಷ್ಟಲ್ಲ, ಆಗತಾನೇ ಬಟ್ಟೆ ಹಿಂಡಿ ಬಂದವನ ಕೈಯ ಹಾಗೆ. ಗಾಜನ್ನು ಒರೆಸಿ ಕೂರಿಸುತ್ತಾನೆ, ಕೂರಿಸಿ ಮತ್ತೆ ಒರೆಸುತ್ತಾನೆ. ಅಷ್ಟು ಮಾಡಿದರೂ ಊರಿನ ಅರ್ಧದಷ್ಟು ಫೋಟೋಗಳಲ್ಲಿ ಗಾಜಿನ ಒಳಮೈಗೆ ಅವನ ಹೆಬ್ಬೆಟ್ಟಿನ ಗುರುತಿದೆ.

ಅಂಥ ಕೈಯಲ್ಲಿ ಇಸ್ಪೀಟಾಡುವುದು ಅಂದರೆ ಹುಡುಗಾಟವಲ್ಲ. ಬೇರೆಯವರಾಗಿದ್ದರೆ ಒಂದೆಲೆ ಎಳೆದಾಗ ಎರಡು ಬರುತ್ತಿದ್ದವು. ಇವನು ಎಲೆಗಳನ್ನು ಅಂಗೈಗೆ ತಾಗಿಸದೆ ಬೆರಳ ತುದಿಯಲ್ಲೇ ಬೀಸಣಿಗೆ ಮಾಡಿ ಹಿಡಿಯುತ್ತಾನೆ. ಬೇಕಾದ್ದನ್ನು ಉಗುರಿನಿಂದ ಎಬ್ಬಿಸಿ ಎಳೆಯುತ್ತಾನೆ. ತೊಡೆಯ ಮೇಲೆ ಕರವಸ್ತ್ರ ಹಾಸಿಕೊಂಡು ಆಗಾಗ ಕೈ ಒರೆಸಿಕೊಳ್ಳುತ್ತಾನೆ. ಬಿದ್ದ ಎಲೆ ಯಾವುವು, ಉಳಿದದ್ದು ಯಾರ ಹತ್ತಿರ ಎಂಬುದೆಲ್ಲ ಅವನಿಗೆ ಬಾಯಿಪಾಠ. ನಿಜಕ್ಕೂ ಮೆಚ್ಚಬೇಕು ಅವನನ್ನು. ಆದರೆ ಮೆಚ್ಚುವವರು ಯಾರೂ ಇರಲಿಲ್ಲ, ಏಕೆಂದರೆ ಎಲ್ಲರ ಕಣ್ಣೂ ಅವನ ಮಾವನ ಮೇಲಿತ್ತು.

ಮಾವ ಅಂದರೆ ನಿವೃತ್ತ ಹೆಡ್ಮಾಸ್ತರು. ಪರೀಕ್ಷೆಯಲ್ಲಿ ಕಾಪಿ ಹೊಡೆಯುವವರನ್ನು ಬೆನ್ನು ತಿರುಗಿಸಿಕೊಂಡು ನಿಂತೇ ಹಿಡಿಯುತ್ತಿದ್ದ ಆಸಾಮಿ. ಎಂಟು ವರ್ಷದಿಂದ ಕ್ಲಬ್ಬಿನ ಕಪ್ಪು ಅವರ ಮನೆಯ ಟಿವಿಯ ಮೇಲೇ ಇದೆ. ಆಟ ಇಬ್ಬಿಬ್ಬರ ಜೋಡಿಯದು, ಜೋಡಿಗಳು ಎದುರುಬದುರು ಕೂರಬೇಕು, ಮಾತಿಲ್ಲ, ಸನ್ನೆಯಿಲ್ಲ. ಆದರೂ ಎದುರಿಗಿರುವ ಅಳಿಯನ ಕೈಯಲ್ಲಿ ಏನಿದೆಯೆಂದು ಹೆಡ್ಮಾಸ್ತರಿಗೆ ಹೇಗೋ ತಿಳಿದುಬಿಡುತ್ತದೆ. ಆ ಬುದ್ಧಿಯನ್ನು ನೋಡಲೆಂದೇ ಜನ ಅವರ ಕುರ್ಚಿಯ ಹಿಂದೆ ನಿಲ್ಲುತ್ತಾರೆ. ಎಲ್ಲರಿಗಿಂತ ಹೆಚ್ಚು ಬೆರಗಾಗುವವನು ಅಳಿಯನೇ. ಮನೆಯಲ್ಲಿ ಮಾವ ಅವನೊಡನೆ ಆಡುವುದು ವರ್ಷಕ್ಕೆ ನಾಲ್ಕು ಮಾತು. ಆಟ ಗೆದ್ದ ಮೇಲೆ ಮಾತ್ರ, "ಸೈ, ಅಳಿಯಂದಿರೇ" ಅನ್ನುತ್ತಾರೆ. ಆ ಒಂದು 'ಸೈ' ಅವನಿಗೆ ಮುಂದಿನ ವರ್ಷದವರೆಗೆ ಸಾಕಾಗುತ್ತದೆ.

ಕಾರ್ಯದರ್ಶಿಗಳು ಪ್ಯಾಕನ್ನು ದೂರದಿಂದಲೇ ತೋರಿಸಿ ವಿಷಯ ಹೇಳಿದರು. ಸಂಜೆ ನಾಲ್ಕಕ್ಕೆ ಫೈನಲ್. ಕ್ಲಬ್ಬಿನ ಬಾಗಿಲಲ್ಲಿ ಶಾಯಿ ಹೀರುವ ಬ್ಲಾಟಿಂಗ್ ಪೇಪರ್ ಇಟ್ಟಿರುತ್ತಾರೆ. ಆಡುವವರು ಅದರ ಮೇಲೆ ಅಂಗೈ ಒತ್ತಬೇಕು. ಬೆವರಿನ ಗುರುತು ಬಿದ್ದರೆ ಒಳಗೆ ಪ್ರವೇಶವಿಲ್ಲ, ಹೆಡ್ಮಾಸ್ತರ ಜೋಡಿಯಾಗಿ ಕ್ಷೌರದಂಗಡಿಯವನು ಕೂರುತ್ತಾನೆ.

"ಬೇಜಾರು ಮಾಡ್ಕೋಬೇಡಿ, ನಿಯಮ ಎಲ್ಲರಿಗೂ ಒಂದೇ" ಎಂದು ಸಮಾಧಾನ ಮಾಡಿ ಹೋದರು. ಊರಲ್ಲಿ ಅಂಗೈ ಬೆವರುವವನು ಅವನೊಬ್ಬನೇ.

ಅದನ್ನು ಕೇಳಿಯೇ ಅಳಿಯನ ಕೈ ಇನ್ನಷ್ಟು ಬೆವರಿತು. ಅಂಗಡಿಗೆ ಅರ್ಧ ಬಾಗಿಲು ಹಾಕಿ ಮನೆಗೆ ಓಡಿದ. ಹೆಂಡತಿ ಅಪ್ಪನಿಗೆ ತಕ್ಕ ಮಗಳು, ಗಾಬರಿಯಾಗುವವಳಲ್ಲ. ಮುಖಕ್ಕೆ ಹಾಕುವ ಪೌಡರಿನ ಡಬ್ಬಿಯನ್ನು ಅವನ ಅಂಗೈಗೆ ಬಗ್ಗಿಸಿ, ಹಳೇ ಪ್ಯಾಕು ಕೊಟ್ಟು ಹಂಚಿ ನೋಡಲು ಹೇಳಿದಳು. ಮೊದಲ ಸುತ್ತಿನಲ್ಲಿ ಎಲೆಗಳು ನುಣ್ಣಗೆ ಜಾರಿ ಒಂದು ಅಡುಗೆಮನೆಗೆ, ಎರಡು ಮಂಚದಡಿಗೆ ಹೋದವು. ಎರಡನೇ ಸುತ್ತಿಗೆ ಬೆವರು ಪೌಡರಿನೊಡನೆ ಕಲಸಿ ಹಿಟ್ಟಾಯಿತು. ಇಸ್ಪೀಟು ರಾಜ ಹಿಟ್ಟಿನಲ್ಲಿ ಹೂತುಹೋದ. ಗೋಡೆಯಾಚೆಯಿಂದ ಇದನ್ನೆಲ್ಲ ಕೇಳಿಸಿಕೊಂಡ ಪಕ್ಕದ ಮನೆಯ ಟೈಲರಮ್ಮ, ಯಾರೂ ಕರೆಯದಿದ್ದರೂ ಒಳಗೆ ಬಂದರು. ಅವರ ಸೋದರತ್ತೆಗೂ ಇದೇ ಕಾಯಿಲೆ ಇತ್ತಂತೆ. ಕಡುಕಪ್ಪು ಟೀ ಡಿಕಾಕ್ಷನ್ನಿನಲ್ಲಿ ಅರ್ಧ ಗಂಟೆ ಕೈ ಅದ್ದಿದರೆ ಎಂಥ ಬೆವರೂ ನಿಲ್ಲುತ್ತದಂತೆ. ಅತ್ತೆಗೆ ನಿಂತಿತೇ ಎಂದು ಕೇಳಿದ್ದಕ್ಕೆ, ಅವರು ಟೀ ಕುಡಿದುಬಿಡುತ್ತಿದ್ದರು ಎಂದರು.

ಅಳಿಯ ಕೈ ಅದ್ದಿದ. ಅರ್ಧ ಗಂಟೆಯೆಂದರೆ ಅರ್ಧ ಗಂಟೆ, ಮೂಗು ತುರಿಸಿದರೂ ಕೈ ಎತ್ತಲಿಲ್ಲ. ಶ್ರದ್ಧೆಯೆಂದರೆ ಅದು. ಕೊನೆಗೆ ಕೈ ಹೊರಗೆ ತೆಗೆದಾಗ ಬೆವರು ಮುಕ್ಕಾಲು ಕಡಿಮೆಯಾಗಿತ್ತು, ಆದರೆ ಮಣಿಕಟ್ಟಿನವರೆಗೆ ಹಳೇ ಬಾಗಿಲಿನ ಬಣ್ಣ ಬಂದಿತ್ತು. ಅಂಗಡಿಗೆ ಹಿಂತಿರುಗಿದರೆ, ತಂದೆಯ ಫೋಟೋ ಒಯ್ಯಲು ಬಂದ ಹೆಂಗಸೊಬ್ಬಳು ಕಾಯುತ್ತಿದ್ದಳು. ಅವಸರದಲ್ಲಿ ಎತ್ತಿಕೊಟ್ಟ. ಗಾಜಿನ ಮೇಲೆ ಕಂದು ಬಣ್ಣದ ಐದು ಬೆರಳು ಮೂಡಿ, ಅವಳ ತಂದೆಗೆ ಯಾರೋ ಕಪಾಳಕ್ಕೆ ಬಾರಿಸಿದ ಹಾಗೆ ಕಂಡಿತು. ಅವಳನ್ನು ಸಮಾಧಾನ ಮಾಡಿ ಗಾಜು ಬದಲಿಸಿ ಕಳಿಸುವಷ್ಟರಲ್ಲಿ ಗಂಟೆ ಮೂರಾಯಿತು.

ಇನ್ನು ಆಗುವುದಿಲ್ಲವೆಂದು ಕೈಚೆಲ್ಲಿ, ಅವನು ಕ್ಷೌರದಂಗಡಿಗೆ ಹೋದ. ಮಾವನ ಆಟದ ರೀತಿಯನ್ನು ಹೇಳಿಕೊಟ್ಟುಬಿಡೋಣ, ತಾನಿಲ್ಲದಿದ್ದರೂ ಮಾವ ಗೆಲ್ಲಲಿ ಎಂಬ ಯೋಚನೆ. ಇಂಥ ಅಳಿಯ ಎಷ್ಟು ಜನಕ್ಕೆ ಸಿಕ್ಕಾನು? ಆದರೆ ಆ ಕ್ಷೌರದಂಗಡಿಯವನು ಅವನಿಗಿಂತ ಒಂದು ಕೈ ಮೇಲು. ಹೆಡ್ಮಾಸ್ತರ ಎದುರು ಕೂರಬೇಕೆಂದು ಅವನಿಗೂ ವರ್ಷಗಳ ಆಸೆ. ಆದರೂ ಕಥೆ ಕೇಳಿ, ಗಡ್ಡ ಕೆರೆದ ಮೇಲೆ ಹಚ್ಚುವ ಪಟಿಕದ ದೊಡ್ಡ ಗಟ್ಟಿಯನ್ನು ತೆಗೆದ. ನೀರಿಗೆ ಅದ್ದಿ ಅದ್ದಿ ಅಳಿಯನ ಎರಡೂ ಅಂಗೈಗೆ ಮುಕ್ಕಾಲು ಗಂಟೆ ತಿಕ್ಕಿದ. ಒಬ್ಬ ಗಿರಾಕಿ ಅರ್ಧ ಗಡ್ಡದಲ್ಲಿ ಕಾಯುತ್ತಾ ಕೂತ.

"ಈಗ ನೋಡಿ" ಎಂದ. ಕೈ ಒಣಹಪ್ಪಳದ ಹಾಗೆ ಆಗಿತ್ತು, ಬೆರಳು ಬಗ್ಗಿಸಿದರೆ ಚರ್ಮ ಚುರುಗುಟ್ಟುತ್ತಿತ್ತು. ಕ್ಷೌರದವನಿಗೆ ಖುಷಿಯಾಗಿ, ಯಾವಾಗಲಿನಂತೆ ಬಲಗಾಲು ತನ್ನಷ್ಟಕ್ಕೆ ನೆಲ ಕುಟ್ಟತೊಡಗಿತು. ತನಗೆ ಸಿಗಬೇಕಾದ ಕುರ್ಚಿ ಕೈತಪ್ಪಿತೆಂಬ ಬೇಸರ ಆ ಕಾಲಿನಲ್ಲಿ ಸ್ವಲ್ಪವೂ ಇರಲಿಲ್ಲ.

ನಾಲ್ಕಕ್ಕೆ ಬಾಗಿಲಲ್ಲಿ ಪರೀಕ್ಷೆ. ಅಳಿಯ ಕಂದು ಅಂಗೈಯನ್ನು ಬ್ಲಾಟಿಂಗ್ ಪೇಪರಿನ ಮೇಲೆ ಒತ್ತಿದ, ಎತ್ತಿದ. ಕಾರ್ಯದರ್ಶಿಗಳು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು, ಕನ್ನಡಕ ಬದಲಿಸಿ ನೋಡಿದರು. ಏನೂ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಹೆಡ್ಮಾಸ್ತರು ಮಾತ್ರ ಅಳಿಯನ ಕೈಯನ್ನೇ ನೋಡುತ್ತಾ ನಿಂತರು.

ಎದುರಾಳಿಗಳು ದನದ ಡಾಕ್ಟರು ಮತ್ತು ಅವರ ತಮ್ಮ. ಎಂಟು ವರ್ಷವೂ ಸೋತ ಜೋಡಿ. ಅಳಿಯನಿಗೆ ಮೊದಲ ಹಂಚಿಕೆಯಲ್ಲೇ ತುರುಪಿನ ಎಕ್ಕ ಬಂತು. ಜೀವನದಲ್ಲಿ ಮೊದಲ ಸಲ ಎಲೆಗಳನ್ನು ಇಡೀ ಅಂಗೈಯಿಂದ ಹಿಡಿದ. ಅವು ಅಂಟಲಿಲ್ಲ, ಜಾರಲಿಲ್ಲ. ಆಹಾ, ಒಣಗಿದ ಕೈಯವರು ಇಷ್ಟು ಸುಖವಾಗಿ ಆಡುತ್ತಾರೆಯೇ ಎಂದು ಅವನಿಗೆ ಕಣ್ಣು ತುಂಬಿ ಬಂತು. ಕರವಸ್ತ್ರ ಜೇಬಿನಲ್ಲೇ ಉಳಿಯಿತು.

ಹೆಡ್ಮಾಸ್ತರು ಅಳಿಯನ ಕಡೆ ನೋಡಿದರು. ಮತ್ತೆ ನೋಡಿದರು. ಆಮೇಲೆ ಚಳಿಯಾಗುತ್ತಿದೆಯೆಂದು ಫ್ಯಾನು ಆರಿಸಿದರು. ಸ್ವಲ್ಪ ಹೊತ್ತಿಗೆ ಕಿಟಕಿ ಮುಚ್ಚಿಸಿದರು. ಅಳಿಯಂದಿರಿಗೆ ಬಿಸಿಬಿಸಿ ಟೀ ಕೊಡಿ ಎಂದರು, ಕುಡಿದ ಮೇಲೆ ಇನ್ನೊಂದು ಕೊಡಿ ಎಂದರು. ದನದ ಡಾಕ್ಟರ ಅಂಗಿ ಬೆನ್ನಿಗಂಟಿತು, ಕಾರ್ಯದರ್ಶಿಗಳು ಟವೆಲ್ಲಿನಿಂದ ಗಾಳಿ ಹಾಕಿಕೊಂಡರು. ಅಳಿಯನ ಅಂಗೈ ಮಾತ್ರ ಹಾಗೇ ಇತ್ತು.

ಆಟ ಹೇಳಲು ಹೋದರೆ ನಾಚಿಕೆ. ಅಳಿಯ ಗೆಲ್ಲುವ ಎಲೆ ಇಟ್ಟಲ್ಲಿ ಹೆಡ್ಮಾಸ್ತರು ಅದರ ಮೇಲೆ ತುರುಪು ಹಾಕಿದರು. ಅವನ ಹತ್ತಿರ ಏನೂ ಇಲ್ಲದಾಗ ಅವನನ್ನೇ ನಂಬಿ ರಾಣಿಯನ್ನು ಕಳೆದುಕೊಂಡರು. ಕುರ್ಚಿಯ ಹಿಂದೆ ನಿಂತವರು ಒಬ್ಬೊಬ್ಬರಾಗಿ ದನದ ಡಾಕ್ಟರ ಹಿಂದೆ ಹೋಗಿ ನಿಂತರು. ಐದೂವರೆಗೆ ಕಪ್ಪು ಕೈಬಿಟ್ಟಿತು.

ಮನೆಗೆ ಹೋಗುವ ದಾರಿಯಲ್ಲಿ ಹೆಡ್ಮಾಸ್ತರು ಮುಂದೆ, ಅಳಿಯ ಹಿಂದೆ. ಅಂಚೆ ಪೆಟ್ಟಿಗೆಯ ಹತ್ತಿರ ಬಂದಾಗ ಅಳಿಯನಿಗೆ ತಡೆಯಲಾಗಲಿಲ್ಲ.

"ಮಾವ, ನನ್ನಿಂದ ಏನು ತಪ್ಪಾಯ್ತು?"

ಹೆಡ್ಮಾಸ್ತರು ನಿಂತರು. "ಎಕ್ಕ ಬಂದ್ರೆ ನೀವು ಬಲಗೈ ಒರೆಸ್ಕೋತೀರಿ. ತುರುಪು ಜಾಸ್ತಿ ಇದ್ರೆ ಎರಡೂ ಕೈ. ಏನೂ ಇಲ್ದಿದ್ರೆ ಕರವಸ್ತ್ರ ಮುಟ್ಟೋದೇ ಇಲ್ಲ. ಎಂಟು ವರ್ಷ ನಾನು ಅದನ್ನ ನೋಡ್ಕೊಂಡೇ ಆಡಿದ್ದು. ನನಗೆ ಆಟ ಅಷ್ಟಕ್ಕಷ್ಟೆ."

ಅಳಿಯ ತನ್ನ ಅಂಗೈ ನೋಡಿಕೊಂಡ. ಹಾಗಾದರೆ ಎಂಟು ಕಪ್ಪೂ ಗೆದ್ದವನು ತಾನೇ. ಆ ಸಂತೋಷದಲ್ಲೇ ತಲೆ ತಗ್ಗಿಸಿ, ಪಟಿಕದ ಪ್ರಭಾವ ನಾಲ್ಕು ದಿನದಲ್ಲಿ ಹೋಗುತ್ತದೆ, ಮುಂದಿನ ವರ್ಷ ಮೊದಲಿನ ಹಾಗೆ ಆಡೋಣ ಎಂದ.

"ಅದು ಹೇಗಾಗುತ್ತೆ?" ಎಂದರು ಹೆಡ್ಮಾಸ್ತರು. "ಇಷ್ಟು ದಿನ ನಿಮಗೆ ಗೊತ್ತಿರ್ಲಿಲ್ಲ, ಅದು ಬರೀ ಬೆವರು. ಈಗ ಗೊತ್ತಾಯ್ತು. ಇನ್ನು ಒರೆಸ್ಕೊಂಡ್ರೆ ಅದು ಸನ್ನೆ. ನಾನು ಮೋಸದಾಟ ಆಡೋನಲ್ಲ."

"ಹಾಗಿದ್ರೆ ನನಗೆ ಹೇಳ್ದೇ ಇರಬಹುದಿತ್ತಲ್ಲ, ಮಾವ?"

"ನೀವು ಕೇಳಿದ್ರಿ. ಸುಳ್ಳು ಹೇಳೋ ಅಭ್ಯಾಸ ನನಗಿಲ್ಲ."

ಆಮೇಲೆ ಸ್ವಲ್ಪ ಹತ್ತಿರ ಬಂದು ದನಿ ತಗ್ಗಿಸಿದರು. ಬರುವ ವರ್ಷ ಕ್ಷೌರದಂಗಡಿಯವನನ್ನು ಜೋಡಿ ಮಾಡಿಕೊಳ್ಳುತ್ತಾರಂತೆ. ಒಳ್ಳೆಯ ಎಲೆ ಬಂದರೆ ಅವನ ಬಲಗಾಲು ಕುಣಿಯುತ್ತದಂತೆ. "ಪಾಪ, ಅವನಿಗದು ಗೊತ್ತಿಲ್ಲ. ನೀವು ಬಾಯಿ ಬಿಡಬೇಡಿ."

ಎಂಟು ವರ್ಷ ಒಟ್ಟಿಗೆ ಆಡಿದ್ದಕ್ಕೆಂದು ಹೆಡ್ಮಾಸ್ತರು ಕೈ ಚಾಚಿದರು. ಮಾವ ಅವನಿಗೆ ಕೈ ಕೊಟ್ಟದ್ದು ಅದೇ ಮೊದಲು. ಅಳಿಯ ಎರಡೂ ಕೈಯಲ್ಲಿ ಹಿಡಿದುಕೊಂಡ. ಹೆಡ್ಮಾಸ್ತರು ಕೈ ಬಿಡಿಸಿಕೊಂಡು ನೋಡಿದರೆ, ತಮ್ಮ ಬೆರಳಿನಿಂದ ಅಳಿಯನ ಕಂದು ಬೆವರು ತೊಟ್ಟಿಕ್ಕುತ್ತಿತ್ತು.

"ಸೈ, ಅಳಿಯಂದಿರೇ" ಎಂದು, ಅವನ ಜೇಬಿನಿಂದ ಕರವಸ್ತ್ರ ತೆಗೆದು ತಮ್ಮ ಕೈ ಒರೆಸಿಕೊಂಡು ಮುಂದೆ ನಡೆದರು.